ಸುಡಬೇಕಾಗಿದ್ದ ಪುಟಗಳನ್ನು ಓದುತ್ತಾ

ಪ್ರಿಯ ಗೆಳೆಯ,

ನೀನು ಕಳುಹಿಸಿದ, ಪ್ರಾಗ್‌ನ ಲೇಖಕ ಫ್ರಾಂಜ್ ಕಾಫ್ಕಾನ ಪತ್ರಗಳನ್ನು ಓದಿ ಮುಗಿಸಿದೆ. ಪುಸ್ತಕ ಹಿಡಿಸಿತೆಂದು ಬರೆದು ಸುಮ್ಮನಾಗಬಹುದಿತ್ತು. ಆದರೆ ತಾನು ಪ್ರೀತಿಸಿದ ಮಿಲೆನಾ ಒಬ್ಬಳಿಗಾಗಿ ಅವನು ಬರೆದ ಆ ಸಾಲುಗಳನ್ನು ಓದುವಾಗ, ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ನಿಂತವನ ಸಂಕೋಚ ನನ್ನನ್ನು ಆವರಿಸಿತು. ಅದು ಇನ್ನೂ ಬಿಟ್ಟುಹೋಗಿಲ್ಲ.

1924ರಲ್ಲಿ ಕಾಫ್ಕಾ ತೀರಿಕೊಂಡ ಮೇಲೆ ಗೆಳೆಯ ಮ್ಯಾಕ್ಸ್ ಬ್ರಾಡ್‌ನ ಹೆಸರಿಗೆ ಬರೆದಿಟ್ಟ ಚೀಟಿ ಕಾಫ್ಕಾನ ಮೇಜಿನಲ್ಲಿ ಸಿಕ್ಕ ಸಂಗತಿ ನಿನಗೆ ಗೊತ್ತೇ ಇದೆ. ದಿನಚರಿ, ಹಸ್ತಪ್ರತಿ, ಪತ್ರ ಎಲ್ಲವನ್ನೂ, ಇತರರ ಬಳಿ ಇರುವುದನ್ನೂ ಕೇಳಿ ಪಡೆದು, ಓದದೆಯೇ ಸುಟ್ಟುಬಿಡಬೇಕೆಂಬುದು ಅವನ ಕೋರಿಕೆಯಾಗಿತ್ತು. ಬ್ರಾಡ್ ಸುಡಲಿಲ್ಲ. ಮರುವರ್ಷವೇ 'ದಿ ಟ್ರಯಲ್' ಕಾದಂಬರಿ ಅಚ್ಚಾಯಿತು. 1939ರಲ್ಲಿ ನಾಜಿ ಸೇನೆ ಪ್ರಾಗ್‌ಗೆ ನುಗ್ಗುವ ಹೊತ್ತಿಗೆ ಅವನು ಆ ಕಾಗದಗಳನ್ನು ಸೂಟ್‌ಕೇಸಿಗೆ ತುಂಬಿಕೊಂಡು ನಗರವನ್ನೇ ತೊರೆದ. ಕಾಫ್ಕಾನ ಕೊನೆಯ ದಿನಗಳ ಸಂಗಾತಿ ಡೋರಾ ಡಯಮಂಟ್ ಮಾತ್ರ ಅವನು ಹೇಳಿದಂತೆಯೇ ಕೆಲವು ಬರಹಗಳನ್ನು ಸುಟ್ಟಳು. ಮಾತು ಉಳಿಸಿಕೊಂಡವಳು ಸುಟ್ಟದ್ದರಲ್ಲಿ ನಮಗೆ ಒಂದು ಸಾಲೂ ದಕ್ಕಲಿಲ್ಲ, ಮಾತು ಮೀರಿದವನಿಂದ ಮೂರು ಕಾದಂಬರಿಗಳು ದಕ್ಕಿದವು.

ಸುಡಲಾರೆನೆಂದು ತಾನು ಮೊದಲೇ ಹೇಳಿದ್ದೆ, ನಿಜಕ್ಕೂ ಸುಡಿಸಬೇಕೆಂದಿದ್ದರೆ ಕಾಫ್ಕಾ ಆ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬೇಕಿತ್ತು ಎಂಬುದು ಬ್ರಾಡ್‌ನ ಸಮರ್ಥನೆ. ನಾನು ಅದನ್ನು ಒಪ್ಪುತ್ತೇನೆ, ಆದರೆ ಒಪ್ಪುವುದರಲ್ಲಿ ಓದುಗನಾಗಿ ನನ್ನ ಲಾಭವೂ ಇದೆ. ಲೇಖಕ ನಮ್ಮೊಡನೆ ಮಾತನಾಡುತ್ತಾನೆಂದು ಎಷ್ಟು ಸಲೀಸಾಗಿ ಹೇಳುತ್ತೇವೆ! ನಾನು ಅತ್ಯಂತ ಪ್ರೀತಿಸುವ ಲೇಖಕ ನನ್ನಂಥವನೊಬ್ಬ ತನ್ನನ್ನು ಓದಲೇಬಾರದೆಂದು ಬರೆದಿಟ್ಟು ಹೋದವನು. ಆದರೂ, ಅಷ್ಟೊಂದು ಜನರ ನಡುವೆ, ತನ್ನ ಬರಹವನ್ನು ಎಂದೂ ನಾಶಮಾಡಲಾರದ ಒಬ್ಬನನ್ನೇ ಹುಡುಕಿ ಅವನ ಹೆಸರಿಗೇ ಆ ಚೀಟಿಯನ್ನು ಏಕೆ ಬರೆದ? ಅವನಿಗೆ ಬೇಕಾಗಿದ್ದುದು ಲೋಕವಲ್ಲ, ತನ್ನ ಅಪನಂಬಿಕೆಯನ್ನೂ ಮೀರಿ ತನ್ನನ್ನು ನಂಬುವ ಒಬ್ಬ ಓದುಗ ಎಂದು ನನಗೆ ತೋರುತ್ತದೆ.

ಇದನ್ನು ಇಷ್ಟು ಖಚಿತವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ನಿನಗೂ ತೋರಿಸದ ಕೆಲವು ಕವಿತೆಗಳು ನನ್ನ ಬಳಿ ಇವೆ. ಯಾರಿಗೂ ಬೇಡವೆಂದೇ ಬರೆದೆನೆಂದುಕೊಂಡಿದ್ದೆ. ಈಗ ತಿರುಗಿ ನೋಡಿದರೆ ಪ್ರತಿಯೊಂದು ಸಾಲೂ ನೀನು ಎಲ್ಲಿ ತಡೆದು ನಿಲ್ಲುವೆ, ಎಲ್ಲಿ ತಲೆಯಾಡಿಸುವೆ ಎಂಬುದನ್ನು ಊಹಿಸಿಕೊಂಡೇ ಹುಟ್ಟಿದೆ. ಮುಂದೊಂದು ದಿನ ಅವುಗಳನ್ನು ಸುಡೆಂದು ನಾನು ಹೇಳಿದರೆ, ದಯವಿಟ್ಟು ಕೇಳಬೇಡ.

ಈ ಬಹಿರಂಗ ಪತ್ರದಲ್ಲಿ, ಇಷ್ಟು ಜನರ ಎದುರಿಗೆ ಇದನ್ನು ಬರೆಯಬೇಕೆಂದಿರಲಿಲ್ಲ, ಬರೆದಾಯಿತು, ಇರಲಿ. ಒಂದೊಂದು ಅಲ್ಪವಿರಾಮದಲ್ಲೂ ತಪ್ಪು ಹುಡುಕುವ ನಮ್ಮ ಅಲ್ಪವಿರಾಮದ ಸ್ವಾಮಿಗಳಿಗೆ ನಮಸ್ಕಾರ ತಿಳಿಸು, ಅವರು ಈ ಪತ್ರದ ಮೂರನೆಯ ವಾಕ್ಯವನ್ನು ದಾಟಲಾರರು. ಕಾಫ್ಕಾ ತನ್ನೊಡನೆ ಮದುವೆ ನಿಶ್ಚಯವಾಗಿದ್ದ ಫೆಲಿಸ್‌ಗೆ ಬರೆದ ಪತ್ರಗಳೂ ನಿನ್ನ ಬಳಿ ಇದ್ದರೆ ಬೇಗ ಕಳುಹಿಸು.

ನಿನ್ನವನೇ ಆದ
ಗೆಳೆಯ