ಅಂಗಡಿಯ ದಿನದ ಲೆಕ್ಕವನ್ನು ಎಲ್ಲರೂ ಓದಿದರು, ಬ್ಯಾಂಕು ಮಾತ್ರ ಓದಲಿಲ್ಲ

ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನೀವು ರಾಜ್ಯಸಭೆಗೆ ಹೋಗಿದ್ದು ಕರ್ನಾಟಕದಿಂದ. ಹಾಗಾಗಿ ಈ ಪತ್ರ ಅರ್ಧ ಸಚಿವರಿಗೆ, ಅರ್ಧ ನಮ್ಮ ಸಂಸದರಿಗೆ. ನಾನು ಉಡುಪಿಯವನು. ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದವನು. ಪ್ರಮೋಷನ್ ತಗೊಂಡರೆ ದೂರದ ಊರಿಗೆ ಹಾಕುತ್ತಾರೆ ಅನ್ನುವ ಭಯ, ಅಷ್ಟೇ.

ನಮ್ಮ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಗೋಳಿಬಜೆ ಅಂಗಡಿ ಇದೆ. ಅದರ ಯಜಮಾನರಿಗೆ ಒಂದು ಫ್ರಿಜ್ ಮತ್ತು ದೊಡ್ಡ ಗ್ರೈಂಡರ್‌ಗೆ 60,000 ರೂಪಾಯಿ ಬೇಕಿತ್ತು. ಖಾತೆ ಇರುವ ಬ್ಯಾಂಕಿಗೇ ಹೋದರು. ಮೂರು ವರ್ಷದ ಐಟಿ ರಿಟರ್ನ್ ತನ್ನಿ, ಜಾಮೀನಿಗೆ ಒಬ್ಬರನ್ನು ಕರಕೊಂಡು ಬನ್ನಿ ಅಂದರು. ಎರಡು ಸಲ ಅಲೆದು ಸುಮ್ಮನಾದರು. ಆಮೇಲೆ ಒಂದು ದಿನ, ಅಂಗಡಿಯ ಕ್ಯೂಆರ್ ಕೊಟ್ಟ ಕಂಪನಿಯ ಆ್ಯಪ್‌ನಲ್ಲೇ ಸಾಲದ ಮಾತು ಬಂತು. ಒತ್ತಿದರು. ಸಂಜೆಯೊಳಗೆ ದುಡ್ಡು ಬಂತು.

ಬಡ್ಡಿ ಎಷ್ಟು ಅಂತ ಕೇಳಿದೆ. "ಬಡ್ಡಿ ಎಲ್ಲ ಗೊತ್ತಿಲ್ಲ ಮಾರಾಯ್ರೆ. ದಿನಕ್ಕೆ 240 ಹಿಡೀತಾರೆ, 300 ದಿನ" ಅಂದರು. ಅಂದರೆ 72,000. ಮೇಲ್ನೋಟಕ್ಕೆ 12,000 ತಾನೇ ಜಾಸ್ತಿ ಅನಿಸುತ್ತದೆ. ಆದರೆ ಸಾಲ ದಿನಾ ಕರಗುತ್ತಾ ಹೋಗುತ್ತದಲ್ಲ? ಹಾಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 40ಕ್ಕಿಂತ ಜಾಸ್ತಿ ಬೀಳುತ್ತದೆ. ಅವರಿಗೆ ಹೇಳಲಿಲ್ಲ. ಹೇಳಿ ಏನು ಮಾಡುವುದು, ಫ್ರಿಜ್ ಆಗಲೇ ಬಂದಾಗಿತ್ತು.

ನನಗೆ ಬೇಜಾರಾಗಿದ್ದು ಬಡ್ಡಿಗೂ ಅಲ್ಲ. ದಿನಾ ಅಂಗಡಿ ಬಾಗಿಲಿಗೆ ಬಂದು ಸಣ್ಣ ಮೊತ್ತ ತಗೊಂಡು ಹೋಗುವ ಈ ಉಪಾಯ ಹುಟ್ಟಿದ್ದು ನಮ್ಮೂರಲ್ಲೇ! 1925ರಲ್ಲಿ ಕೈಮಗ್ಗದ ನೇಕಾರರು ಸೋತು ಕೂತಿದ್ದಾಗ ಉಪೇಂದ್ರ ಪೈ, ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವರು 8,000 ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಶುರು ಮಾಡಿದ್ದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಅನ್ನುವ ದಿನದ ಉಳಿತಾಯ ಯೋಜನೆ ಬಂತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆಗೇ ಬರುತ್ತಿದ್ದ. ಯಾರ ವ್ಯಾಪಾರ ಏರಿದೆ, ಯಾರ ಮನೆಯಲ್ಲಿ ಕಾಯಿಲೆ, ಯಾರು ಒಂದು ದಿನವೂ ತಪ್ಪಿಸದೆ ಕಟ್ಟುತ್ತಾರೆ, ಎಲ್ಲ ಅವನಿಗೆ ಗೊತ್ತು. ನಮ್ಮ ಮ್ಯಾನೇಜರು ಸಾಲದ ಅರ್ಜಿ ನೋಡುವ ಮುಂಚೆ ಪಿಗ್ಮಿಯವನನ್ನು ಕರೆದು ಕೇಳುತ್ತಿದ್ದರು. ಅವನು ತಲೆ ಆಡಿಸಿದರೆ ಅರ್ಧ ಕೆಲಸ ಆದ ಹಾಗೆ.

ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾದಲ್ಲಿ ವಿಲೀನವಾಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋಯಿತು. ವಿಜಯಾ ಬ್ಯಾಂಕ್ ಒಂದು ವರ್ಷ ಮೊದಲೇ ಬರೋಡಾ ಪಾಲಾಗಿತ್ತು. ಬೋರ್ಡ್ ಬದಲಾಯಿತು ಅಂತ ಅಳುವ ವಯಸ್ಸು ನನ್ನದಲ್ಲ. ಆದರೆ ದೊಡ್ಡ ಬ್ಯಾಂಕು ಮಾಡುವ ಗಲಾಟೆಯಲ್ಲಿ ಪಿಗ್ಮಿಯ ಜಾಣತನ ಬೀದಿಯಲ್ಲೇ ಬಿದ್ದುಹೋಯಿತು. ಅದನ್ನು ಎತ್ತಿಕೊಂಡಿದ್ದು ಆ್ಯಪ್ ಕಂಪನಿಗಳು. ಹಿತ್ತಲ ಗಿಡ ನಮಗೆ ಮದ್ದಾಗಲಿಲ್ಲ.

ಈಗ ಅಂಗಡಿಯ ಸೌಂಡ್ ಬಾಕ್ಸ್ ಅಚ್ಚ ಕನ್ನಡದಲ್ಲಿ "ನಲವತ್ತು ರೂಪಾಯಿ ಬಂದಿದೆ" ಅನ್ನುತ್ತದೆ. ಅದೇ ನಲವತ್ತಕ್ಕೆ ಬ್ಯಾಂಕಿನಿಂದ ಬರುವ ಎಸ್‌ಎಂಎಸ್ ಇಂಗ್ಲಿಷಿನಲ್ಲಿ! ಗೋಳಿಬಜೆಯವರು ಯಾವುದನ್ನು ನಂಬುತ್ತಾರೆ ಅಂತ ಬೇರೆ ಹೇಳಬೇಕಾ?

ಬ್ಯಾಂಕಿನ ಪರವಾಗಿಯೂ ಒಂದು ಮಾತು ಹೇಳಬೇಕು. 2025ರ ಆಗಸ್ಟ್‌ನಲ್ಲಿ ಒಂದೇ ತಿಂಗಳಲ್ಲಿ ಯುಪಿಐ ಮೂಲಕ 2,000 ಕೋಟಿ ಸಲ ದುಡ್ಡು ಕೈ ಬದಲಾಯಿತು. ಅದರಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಫೋನ್‌ಪೇ ಮತ್ತು ಗೂಗಲ್ ಪೇ ಆ್ಯಪ್‌ಗಳದ್ದು. ಆದರೆ ದುಡ್ಡು ಇರುವುದು ಬ್ಯಾಂಕಿನಲ್ಲಿ, ಆ್ಯಪ್‌ನಲ್ಲಲ್ಲ. ಸರ್ವರ್ ಡೌನ್ ಆದರೆ ಬೈಗುಳವೂ ಬ್ಯಾಂಕಿಗೇ. 2020ರ ಜನವರಿಯಿಂದ, ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ಅಂಗಡಿಯವರಿಂದ ಒಂದು ಪೈಸೆ ಶುಲ್ಕ ತಗೊಳ್ಳುವ ಹಾಗಿಲ್ಲ. ಅದು ಸರಿಯೇ, ತಗೊಂಡರೆ ನಾವೇ ಬೀದಿಗಿಳಿಯುತ್ತಿದ್ದೆವು. ಬದಲಿಗೆ ಸರ್ಕಾರ ಬ್ಯಾಂಕು ಮತ್ತಿತರರಿಗೆ ಪ್ರೋತ್ಸಾಹಧನ ಕೊಡುತ್ತದೆ. 2023-24ರಲ್ಲಿ ಯುಪಿಐ ಪಾಲಿನ ಪ್ರೋತ್ಸಾಹಧನ 3,200 ಕೋಟಿ ದಾಟಿತ್ತು. ಮರುವರ್ಷಕ್ಕೆ ಸುಮಾರು 1,500 ಕೋಟಿ ಅಂದಿರಿ. ವಹಿವಾಟು ಏರಿತು, ಕೊಡುವ ಕೈ ಗಿಡ್ಡವಾಯಿತು. ಹಳೇ ಬ್ಯಾಂಕು ಹೊಸ ಸರ್ವರ್ ಎಲ್ಲಿಂದ ತರಬೇಕು?

ಸರ್ವರ್ ಬಂದರೂ ಸಾಲ ತಾನಾಗಿ ಬರುವುದಿಲ್ಲ, ಅದು ಬೇರೆ. 2025ರ ಜುಲೈಯಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದರು. ಅದು ನಿಮ್ಮ ಇಲಾಖೆಯಲ್ಲ, ಗೊತ್ತು. ಆದರೆ ನೋಡಿ, ಅಂಗಡಿಯವರ ದಿನದ ಲೆಕ್ಕವನ್ನು ತೆರಿಗೆಯವರು ಓದಿ ನೋಟಿಸ್ ಕೊಟ್ಟರು. ಆ್ಯಪ್‌ನವರು ಓದಿ ಸಾಲ ಕೊಟ್ಟರು. ಆ ದುಡ್ಡು ಬಂದು ಬೀಳುವ ಖಾತೆಯೇ ತನ್ನ ಹತ್ತಿರ ಇಟ್ಟುಕೊಂಡ ಬ್ಯಾಂಕು ಮಾತ್ರ ಐಟಿ ರಿಟರ್ನ್ ತನ್ನಿ ಅನ್ನುತ್ತಿದೆ!

ಇನ್ನೂ ಒಂದು ತಮಾಷೆ ಇದೆ. ಆ್ಯಪ್‌ನ ಸಾಲ ಕೊಡುವುದು ಹಿಂದೆ ನಿಂತ ಯಾವುದೋ ಫೈನಾನ್ಸ್ ಕಂಪನಿ. ಇಂಥ ಕಂಪನಿಗಳು ತಾವು ಎತ್ತುವ ಸಾಲದಲ್ಲಿ ದೊಡ್ಡ ಪಾಲು ಬ್ಯಾಂಕುಗಳದ್ದೇ. ಅಂದರೆ ಬ್ಯಾಂಕಿನ ದುಡ್ಡೇ ಊರೆಲ್ಲ ಸುತ್ತಿ, ದಾರಿಯಲ್ಲಿ ಬಡ್ಡಿ ಏರಿಸಿಕೊಂಡು, ಬ್ಯಾಂಕಿನ ಎದುರಿನ ಅಂಗಡಿಗೆ ಬಂದು ಮುಟ್ಟಬಹುದು.

ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. 2024ರ ಜುಲೈ ಬಜೆಟ್‌ನಲ್ಲಿ ನೀವೇ ಹೇಳಿದ್ದಿರಿ: ಸರ್ಕಾರಿ ಬ್ಯಾಂಕುಗಳು ಹೊರಗಿನವರ ಅಂದಾಜನ್ನು ನೆಚ್ಚದೆ, ಸಣ್ಣ ಉದ್ದಿಮೆಗಳ ಡಿಜಿಟಲ್ ವಹಿವಾಟನ್ನು ತಾವೇ ನೋಡಿ ಸಾಲ ತೀರ್ಮಾನಿಸಬೇಕು, ಸರಿಯಾದ ಲೆಕ್ಕಪತ್ರ ಇಲ್ಲದವರಿಗೂ ಇದು ಸಿಗಬೇಕು ಅಂತ. 2025ರ ಮಾರ್ಚ್‌ನಲ್ಲಿ ಅದಕ್ಕೆ ಚಾಲನೆಯೂ ಸಿಕ್ಕಿತು. ಒಳ್ಳೆಯ ಮಾತು. ನಮ್ಮ ಬಸ್ ಸ್ಟ್ಯಾಂಡ್ ಬೀದಿಗೆ ಮಾತ್ರ ಅದು ಇನ್ನೂ ತಲುಪಿಲ್ಲ.

ನಾನು ಕೇಳುವುದು ಇಷ್ಟೇ. ಒಂದು ಲಕ್ಷದೊಳಗಿನ ಸಾಲಕ್ಕೆ ಒಂದು ವರ್ಷದ ಕ್ಯೂಆರ್ ಜಮೆಯನ್ನೇ ಕಾಗದಪತ್ರ ಅಂತ ಒಪ್ಪಿಕೊಳ್ಳಿ ಎಂದು ಶಾಖೆಗಳಿಗೆ ಬರವಣಿಗೆಯಲ್ಲಿ ಹೇಳಿ. ಬರವಣಿಗೆಯಲ್ಲಿ ಅಂತ ಒತ್ತಿ ಹೇಳುತ್ತೇನೆ. ಸುತ್ತೋಲೆ ಇಲ್ಲದೆ ಸಾಲ ಕೊಟ್ಟು, ಅದು ಮುಳುಗಿದರೆ ಇಲಾಖಾ ವಿಚಾರಣೆ ಎದುರಿಸುವುದು ಮ್ಯಾನೇಜರ್ ಒಬ್ಬರೇ. ಅವರ ಹೆದರಿಕೆ ಸುಳ್ಳಲ್ಲ. ಕಂತು ದಿನದ್ದೇ ಇರಲಿ, ಬಡ್ಡಿ ಬ್ಯಾಂಕಿನದ್ದಿರಲಿ. ಉಳಿದಿರುವ ಪಿಗ್ಮಿ ಏಜೆಂಟರ ಕೈಗೆ ಬ್ಯಾಂಕಿನದೇ ಸೌಂಡ್ ಬಾಕ್ಸ್ ಕೊಡಿ, ಅಂಗಡಿ ಅಂಗಡಿಗೆ ಇಟ್ಟು ಬರಲಿ. ಅವರಿಗೆ ದಾರಿ ಗೊತ್ತು. ಎಸ್‌ಎಂಎಸ್ ಕನ್ನಡದಲ್ಲಿ ಬರಲಿ ಅಂತ ಬೇರೆ ಬರೆಯಬೇಕಾಗಿ ಬಂದದ್ದಕ್ಕೇ ನಾಚಿಕೆ ಆಗುತ್ತದೆ.

ಗೋಳಿಬಜೆಯವರ ಸಾಲಕ್ಕೆ ಇನ್ನು 112 ದಿನ ಬಾಕಿ. ಅದು ಮುಗಿದ ಮೇಲೆ ಅಂಗಡಿಯ ಮಾಡು ರಿಪೇರಿಗೆ ಇನ್ನೊಂದು ಸಾಲ ಬೇಕಂತೆ. ಈ ಸಲ ಬ್ಯಾಂಕಿಗೇ ಹೋಗಿ ಅಂತ ಅವರಿಗೆ ನಾನು ಹೇಳಬಹುದಾ? ನೀವು ಉತ್ತರ ಬರೆದರೆ ಅಂಗಡಿಗೆ ಹೋಗಿ ಓದಿ ಹೇಳುತ್ತೇನೆ.

ಇಂತಿ,
ಒಬ್ಬ ನಿವೃತ್ತ ಬ್ಯಾಂಕ್ ಗುಮಾಸ್ತ
ಉಡುಪಿ