ಕೌನ್ಸೆಲಿಂಗ್ ಕೋಣೆಯಲ್ಲಿ ಏನಾಗುತ್ತದೆ ಎಂದೂ ಬರೆಯಿರಿ

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದರೆ ಸಾಕು, 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಾದ ಭೂಕುಸಿತದ ಫೋಟೊಗಳು ಪತ್ರಿಕೆಗಳಲ್ಲಿ ಮತ್ತೆ ಬರುತ್ತವೆ. ಜೊತೆಗೆ ‘ಆಘಾತದಿಂದ ಹೊರಬರದವರು ಕೌನ್ಸೆಲಿಂಗ್ ಪಡೆಯಬೇಕು’ ಎಂಬ ಒಂದು ಸಾಲು. ಸಲಹೆ ಸರಿಯೇ. ಆದರೆ ಅಲ್ಲಿ ಹೋದರೆ ಏನಾಗುತ್ತದೆ ಅಂತ ಬರೆಯುವವರು ಕಡಿಮೆ. ಮಕ್ಕಂದೂರು ಕಡೆ ಇದ್ದ ನಮ್ಮ ಮನೆ ಆ ಮಳೆಯಲ್ಲಿ ಗುಡ್ಡದ ಜೊತೆಗೇ ಜಾರಿಹೋಯಿತು. ಚಿಕಿತ್ಸೆ ಪಡೆದವಳಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಹೋದ ಕೂಡಲೇ ಎಲ್ಲವನ್ನೂ ಹೇಳಬೇಕಾ ಎಂಬುದೇ ದೊಡ್ಡ ಭಯ, ಅಲ್ವಾ? ಬೇಕಿಲ್ಲ. ಮೊದಮೊದಲು ನನ್ನನ್ನು ಕೇಳಿದ್ದು ನಿದ್ದೆ, ಊಟ, ಮನೆಯಲ್ಲಿ ಯಾರಿದ್ದಾರೆ, ಸಾಯುವ ಯೋಚನೆ ಬಂದಿದೆಯಾ, ಯಾವ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆ, ಇಂಥವು. (ಶೀಟಿನ ಮೇಲೆ ಬೀಳುವ ಮಳೆ. ರಾತ್ರಿ ಏರಿನಲ್ಲಿ ಲಾರಿ ಗೇರ್ ಬದಲಿಸುವ ಸದ್ದು.) ಆಮೇಲೆ ಪಾದ ನೆಲಕ್ಕೆ ಒತ್ತಿ ಕೂರುವುದು, ಕಣ್ಣೆದುರಿನ ಐದು ವಸ್ತುಗಳ ಹೆಸರು ಹೇಳುವುದು, ಉಸಿರು ನಿಧಾನಕ್ಕೆ ಬಿಡುವುದು ಕಲಿಸಿದರು. ಇಷ್ಟಕ್ಕೇನಾ ಬಸ್ ಹತ್ತಿ ಮೈಸೂರಿಗೆ ಬಂದಿದ್ದು ಅನ್ನಿಸಿತ್ತು. ನೆನಪಿಗೆ ಕೈ ಹಾಕಿದ ದಿನ ಬಳಕೆಗೆ ಬಂದದ್ದು ಅವೇ.

ಆ ದಿನಗಳು ಕಷ್ಟ, ಸುಳ್ಳು ಹೇಳುವುದಿಲ್ಲ. ಕಣ್ಣು ಮುಚ್ಚಿ, ಅಂದು ಆದದ್ದನ್ನು ಈಗ ನಡೆಯುತ್ತಿದೆ ಎಂಬಂತೆ ಹೇಳಬೇಕು. ಮತ್ತೆ ಮತ್ತೆ. ಅದರ ರೆಕಾರ್ಡಿಂಗನ್ನು ಮನೆಯಲ್ಲಿ ಕೂತು ಕೇಳಬೇಕು. ಕೆಲವರಿಗೆ ಕಣ್ಣನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ಮಾಡುವ ಇಎಂಡಿಆರ್ ಎಂಬ ವಿಧಾನವಿದೆ, ಅದರಲ್ಲಿ ಮಾತು ಕಡಿಮೆ. ಶುರುವಿನಲ್ಲಿ ಕೆಟ್ಟ ಕನಸು ಜಾಸ್ತಿಯಾಗಬಹುದು. ಸಣ್ಣದಕ್ಕೂ ರೇಗುತ್ತದೆ. ‘ಅಲ್ಲಿಗೆ ಹೋದ ಮೇಲೆ ಇವಳು ಇನ್ನೂ ಹಾಳಾದಳು’ ಅಂದರು ನಮ್ಮ ಅತ್ತೆ. ನನ್ನ ಪರಿಚಯದವರಲ್ಲಿ ಬಿಟ್ಟವರೆಲ್ಲ ಬಿಟ್ಟಿದ್ದು ಈ ಹಂತದಲ್ಲೇ. ಹೀಗಾಗಬಹುದು ಎಂದು ಥೆರಪಿಸ್ಟ್ ಮೊದಲೇ ಹೇಳಿದ್ದರಿಂದ ನಾನು ಬಿಡಲಿಲ್ಲ. ಅವರು ಹೇಳದಿದ್ದರೆ ನೀವೇ ಕೇಳಿ, ಮನೆಯವರಿಗೂ ತಿಳಿಸಿ. ತಡೆಯಲಾಗದಿದ್ದರೆ ‘ಸ್ವಲ್ಪ ನಿಧಾನ ಮಾಡಿ’ ಎನ್ನಲು ಸಂಕೋಚ ಬೇಡ.

ನೆನಪು ಅಳಿಸಿಹೋಗುವುದಿಲ್ಲ. ನನಗೆ ಆದ ಲಾಭ ಇಷ್ಟು: ನಾಲ್ಕು ಹನಿ ಬಿದ್ದರೂ ಬಟ್ಟೆಬ್ಯಾಗು ಬಾಗಿಲ ಹತ್ತಿರ ಇಟ್ಟು ಎಚ್ಚರ ಕೂರುವುದು ನಿಂತಿತು. ರೆಡ್ ಅಲರ್ಟ್ ಇದ್ದರೆ ಈಗಲೂ ಇಡುತ್ತೇನೆ. ಅದು ಕಾಯಿಲೆಯಲ್ಲ, ಬುದ್ಧಿ.

ಇನ್ನೊಂದು ಮಾತು. ಪರಿಹಾರ ಕೇಂದ್ರದಲ್ಲಿ ನಮ್ಮನ್ನು ಸಾಲಾಗಿ ಕೂರಿಸಿ ‘ಆದದ್ದು ಹೇಳಿಬಿಡಿ, ಹಗುರಾಗುತ್ತದೆ’ ಎಂದವರಿದ್ದರು. ಅನಾಹುತವಾದ ಕೂಡಲೇ ಹೀಗೆ ಒಂದೇ ಸಲ ಹೇಳಿಸುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಅದನ್ನೇ ಚಿಕಿತ್ಸೆ ಎಂದುಕೊಂಡವರು ಈಗ ನಿಜವಾದ ಚಿಕಿತ್ಸೆಗೂ ಬರುತ್ತಿಲ್ಲ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೀವು ಹೇಳಿದ್ದನ್ನು ಗುಟ್ಟಾಗಿಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿದೆ. ಸಣ್ಣ ಊರಿನವರಿಗೆ ಇದು ಮುಖ್ಯ. ಮುಂದಿನ ಸಲ ಆ ಒಂದು ಸಾಲು ಅಚ್ಚು ಹಾಕುವಾಗ ಪಕ್ಕದಲ್ಲಿ ಇವಕ್ಕೂ ಸ್ವಲ್ಪ ಜಾಗ ಕೊಡಿ.

– ಹೆಸರು ಬೇಡವೆಂದು ಕೋರುವ ಓದುಗಿ, ಮಡಿಕೇರಿ