ಉದ್ಯಾನದ ಬೀಗ ತೆಗೆಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಸವಿನಯ ವಂದನೆಗಳು. ಬೆಂಗಳೂರಿನ ಉದ್ಯಾನಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕೆಂದು 2024ರಲ್ಲಿ ಪಾಲಿಕೆ ಹೊರಡಿಸಿದ ಆದೇಶವಾಗಲಿ, ಉದ್ಯಾನ ಹಾಗೂ ಆಟದ ಮೈದಾನಗಳನ್ನು ಕಾಪಾಡುವ 1985ರ ಕಾಯ್ದೆಯಾಗಲಿ ತಮಗೆ ತಿಳಿಯದ್ದೇನಲ್ಲ. ಆದ್ದರಿಂದ ಅವುಗಳ ವಿವರಕ್ಕೆ ಹೋಗುವುದಿಲ್ಲ. ನಮ್ಮ ಬಡಾವಣೆಯ ಉದ್ಯಾನಕ್ಕೆ ಇಂದಿಗೂ ರಾತ್ರಿ ಎಂಟಕ್ಕೇ ಬೀಗ ಬೀಳುತ್ತಿದೆ ಎಂಬುದಷ್ಟೇ ನನ್ನ ದೂರು. ವಾರ್ಡ್ ಕಚೇರಿಗೂ ತಮ್ಮ ಕಚೇರಿಗೂ ಮನವಿ ಕೊಟ್ಟು ಬಹಳ ಕಾಲವಾಯಿತು. ‘ನೋಡೋಣ’ ಎಂದವರು ಇನ್ನೂ ನೋಡುತ್ತಲೇ ಇದ್ದಾರೆ.

ನನಗೀಗ ಮೂವತ್ತೊಂದು ವರ್ಷ. ಹೊರವರ್ತುಲ ರಸ್ತೆಯ ಕಚೇರಿಯಲ್ಲಿ ದಿನವಿಡೀ ಕುಳಿತು, ಆಮೇಲೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ಮತ್ತಷ್ಟು ಹೊತ್ತು ಕುಳಿತು, ಮನೆ ಸೇರುವಾಗ ಎಂಟೂವರೆ ದಾಟಿರುತ್ತದೆ. ಕೆಲಸಕ್ಕೆ ಸೇರಿದಾಗ ಕೊಂಡ ಪ್ಯಾಂಟುಗಳಲ್ಲಿ ಒಂದೂ ಈಗ ಹಿಡಿಸುವುದಿಲ್ಲ. ಸೊಂಟದ ಸುತ್ತಳತೆ ಭಾರತೀಯ ಗಂಡಸರಿಗೆ ವೈದ್ಯರು ಹೇಳುವ 90 ಸೆಂಟಿಮೀಟರ್ ಮಿತಿಯನ್ನು ದಾಟಿದೆ, ರಕ್ತದೊತ್ತಡವೂ ಏರತೊಡಗಿದೆ. ನನ್ನ ತಂದೆಗೆ ಐವತ್ತು ತುಂಬುವ ಮುನ್ನವೇ ಹೃದಯಾಘಾತವಾಗಿತ್ತಾದ್ದರಿಂದ ವೈದ್ಯರು ತಡಮಾಡದೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಲು ಹೇಳಿದ್ದಾರೆ. ಎಲ್ಲಿ ನಡೆಯಲಿ, ಸ್ವಾಮಿ? ಪಾದಚಾರಿ ಮಾರ್ಗದಲ್ಲಿ ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಸ್ಕೂಟರ್‌ಗಳು, ಎತ್ತಿಟ್ಟು ಮರೆತ ಚಪ್ಪಡಿಗಳಿವೆ. ಜಿಮ್ಮಿಗೆ ಸೇರಿ ಎನ್ನುವವರು ಅದರ ಶುಲ್ಕವನ್ನೂ ತಾವೇ ಕಟ್ಟಲಿ.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಆದರೆ ಕಳೆದ ತಿಂಗಳು ತಮ್ಮ ಹುಟ್ಟುಹಬ್ಬದ ಅಂಗವಾಗಿ ಅದೇ ಉದ್ಯಾನದಲ್ಲಿ ‘ಉಚಿತ ಹೃದಯ ತಪಾಸಣಾ ಶಿಬಿರ’ ನಡೆಯಿತಲ್ಲ, ಅದಕ್ಕಾಗಿ ನಡಿಗೆಯ ಪಥದ ಮೇಲೆಯೇ ಶಾಮಿಯಾನ ಹಾಕಲಾಗಿತ್ತು. ಬೆಳಿಗ್ಗೆ ನಡೆಯಲು ಬಂದ ಹಿರಿಯರನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಿದರು. ರಕ್ತದೊತ್ತಡ ಅಳೆಯುವ ಮೇಜಿನ ಪಕ್ಕದಲ್ಲೇ ಬಂದವರಿಗೆಲ್ಲ ಮೈಸೂರುಪಾಕು, ಬೋಂಡಾ ಹಂಚಿದರು. ನಮಗೆ ಎಂಟಕ್ಕೆ ಮುಚ್ಚುವ ಗೇಟು ಅಂದು ರಾತ್ರಿ ಹನ್ನೊಂದರವರೆಗೂ ತೆರೆದಿತ್ತು, ಧ್ವನಿವರ್ಧಕದ ಸಮೇತ. ಬೀಗದ ಕೈ ಕಳೆದುಹೋಗಿಲ್ಲ ಎಂಬುದಾದರೂ ಖಚಿತವಾಯಿತು.

2021ರಲ್ಲಿ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೇ ಹೋದಾಗ ನಾಡೆಲ್ಲ ಎದೆ ಹಿಡಿದುಕೊಂಡಿತು. 2025ರಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಜಯದೇವ ಆಸ್ಪತ್ರೆಯ ಮುಂದೆ ಭಯಗೊಂಡ ಜನರ ಸಾಲು ಬೆಳೆಯಿತು. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಗಳಲ್ಲೂ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಸಿಗುವಂತಾದದ್ದು ನಿಜಕ್ಕೂ ದೊಡ್ಡ ಕೆಲಸ, ಅದನ್ನು ಅಲ್ಲಗಳೆಯಲಾರೆ. ಆದರೆ ಅದು ಎದೆನೋವು ಬಂದವರಿಗೆ. ಇನ್ನೂ ಬಾರದವರಿಗೆ ಬೇಕಾಗಿರುವುದು ಸಂಜೆ ತೆರೆದಿರುವ ಒಂದು ಗೇಟು.

ಅಮೆರಿಕದಲ್ಲಿ 18ರಿಂದ 30 ವರ್ಷದೊಳಗಿನ ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನು 1985ರಿಂದ ಗಮನಿಸುತ್ತ ಬಂದ ‘ಕಾರ್ಡಿಯಾ’ ಅಧ್ಯಯನದಲ್ಲಿ ಹದಿನೈದು ವರ್ಷ ತೂಕ ಏರದಂತೆ ಕಾಯ್ದುಕೊಂಡವರ, ಮೊದಲೇ ದಪ್ಪಗಿದ್ದವರೂ ಸೇರಿದಂತೆ, ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಪ್ರಮಾಣ ಹೆಚ್ಚೇನೂ ಕೆಡಲಿಲ್ಲ. ತೂಕ ಏರಿಸಿಕೊಂಡವರದು ಕೆಡುತ್ತ ಹೋಯಿತು. ಅಂದರೆ ನಮ್ಮ ವಯಸ್ಸಿನವರು ಸಣ್ಣಗಾಗದಿದ್ದರೂ ಚಿಂತೆಯಿಲ್ಲ, ವರ್ಷವರ್ಷವೂ ಇನ್ನಷ್ಟು ದಪ್ಪಗಾಗದಿದ್ದರೆ ಅದೇ ಲಾಭ. ಅದಕ್ಕೆ ದಿನವೂ ಕೊಂಚ ನಡೆಯಬೇಕು, ನಡೆಯಲು ಜಾಗ ಬೇಕು, ಜಾಗಕ್ಕೆ ಬೀಗವಿರಬಾರದು.

ಆದ್ದರಿಂದ ಮತ್ತೊಮ್ಮೆ ಕೇಳುತ್ತೇನೆ, ಆದೇಶದಲ್ಲಿರುವಂತೆ ಉದ್ಯಾನವನ್ನು ರಾತ್ರಿ ಹತ್ತರವರೆಗೆ ತೆರೆಸಿ. ಪಥದ ಕೆಟ್ಟ ದೀಪಗಳನ್ನು ಸರಿಪಡಿಸಿದರೆ ಹೆಣ್ಣುಮಕ್ಕಳೂ ಧೈರ್ಯವಾಗಿ ಬರುತ್ತಾರೆ. ಮುಂದಿನ ಹುಟ್ಟುಹಬ್ಬಕ್ಕೆ ದಯವಿಟ್ಟು ಬೇರೆ ಜಾಗ ನೋಡಿ. ಹೊಸ ಯೋಜನೆಯನ್ನಾಗಲಿ ಅನುದಾನವನ್ನಾಗಲಿ ಕೇಳುತ್ತಿಲ್ಲ, ಬೀಗ ತೆಗೆಸಿ ಎನ್ನುತ್ತಿದ್ದೇನೆ.

ಇತಿ,
ತಮ್ಮ ಕ್ಷೇತ್ರದ ಮತದಾರ